ಉಡಚವ್ವನ ಕೆಂಪು ತತ್ತಿ

ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ಬ್ಯಾಡಗಿಯ ಹೊರವಲಯದ ತಗಡಿನ ಕೋಳಿಮನೆಯೊಳಗೆ ಉಡಚವ್ವ ಬಾಗಿ ನಿಂತು, ನೆಲಕ್ಕೆ ಹಾಸಿದ ಶೇಂಗಾ ಹೊಟ್ಟನ್ನು ಕೋಲಿನಿಂದ ಕೆದಕಿ ಮಗುಚುತ್ತಿದ್ದಾರೆ. ಹೊಟ್ಟು ಹಸಿಯಾದರೆ ವಾಸನೆ ಏಳುತ್ತದೆ, ಕೋಳಿಗೆ ನೆಗಡಿ ಹಿಡಿಯುತ್ತದೆ. ಅದಕ್ಕೇ ಕಾಳು ನೀರಿಗಿಂತ ಮೊದಲು ಈ ಕೆಲಸ. ಅರ್ಧ ಮನೆ ಮುಗಿದು ಹಿಂದಿನ ಮೂಲೆಗೆ ಬಂದಾಗ ಕೋಲು ಮೆತ್ತಗಿನ ಏನಕ್ಕೋ ತಾಗಿ ನಿಂತುಬಿಡುತ್ತದೆ.

ಅವರು ಕೋಲನ್ನು ಗೋಡೆಗೆ ಒರಗಿಸಿ ಮಂಡಿಯೂರುತ್ತಾರೆ. ಹೊಟ್ಟನ್ನು ಕೈಯಿಂದ ಸರಿಸುತ್ತಾರೆ. ಕತ್ತನ್ನು ರೆಕ್ಕೆಯೊಳಗೆ ಸಿಕ್ಕಿಸಿಕೊಂಡು ಮಲಗಿದ ಹೇಟೆ, ಉಸಿರಿಲ್ಲ. ರೆಕ್ಕೆಯ ಕೆಳಗೆ ಇನ್ನೂ ಬಿಸುಪು ಉಳಿದಿದೆ. ಆದರೆ ತಲೆಯ ಮೇಲಿನ ಜುಟ್ಟು, ದಾಸವಾಳದ ಹಾಗೆ ಕೆಂಪಗೆ ಇರಬೇಕಾದದ್ದು, ಸುಣ್ಣದ ನೀರಲ್ಲಿ ಅದ್ದಿ ತೆಗೆದಂತೆ ಬಿಳಿಚಿದೆ. ಉಡಚವ್ವ ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಉಳಿದ ಕೋಳಿಗಳು ಹಾರಿ ಬರುವುದಿಲ್ಲ, ಸೆರಗು ಕುಕ್ಕುವುದಿಲ್ಲ. ರೆಕ್ಕೆ ಜೋತುಬಿಟ್ಟುಕೊಂಡು ಅಟ್ಟಣಿಗೆಯ ಮೇಲೆ ಕೂತಲ್ಲೇ ಕೂತಿವೆ.

ಬಾಗಿಲಲ್ಲಿ ಮಗಳು ದುರ್ಗಾ ನಿಂತಿದ್ದಾಳೆ. ನಾಲ್ಕನೆಯ ತರಗತಿ. ಒಂದು ಜಡೆಗೆ ರಿಬ್ಬನ್ ಬಿದ್ದಿದೆ, ಇನ್ನೊಂದು ಹಾಗೇ ಬಿಚ್ಚಿಕೊಂಡಿದೆ.

"ಅವ್ವಾ..."

"ಏನ ದುರ್ಗೀ?"

"ಏನಿಲ್ಲ."

ಚಹಾ ಆರುತ್ತದೆ, ಒಳಗೆ ಹೋಗು ಎಂದು ತಾಯಿ ಹೇಳುತ್ತಾರೆ. ಹುಡುಗಿ ಹೋಗುತ್ತಾಳೆ. ಕೆಲವು ದಿನಗಳಿಂದ ಹೀಗೇ ನಡೆದಿದೆ. ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ಅದು ಯಾವ ಪ್ರಶ್ನೆ ಎಂಬುದು ತನಗೆ ಗೊತ್ತು ಎಂದೇ ಉಡಚವ್ವ ತಿಳಿದಿದ್ದಾರೆ. ಎಲ್ಲಾ ಸಾಯ್ತಾವೇನು ಎಂದು ಕೇಳಿದರೆ ಏನು ಹೇಳಬೇಕು ಎಂಬುದನ್ನು ರೊಟ್ಟಿ ಬಡಿಯುವಾಗ, ನೀರು ತುಂಬುವಾಗ ಮನಸ್ಸಿನಲ್ಲೇ ಜೋಡಿಸಿ ಇಟ್ಟುಕೊಂಡಿದ್ದಾರೆ.

ಹಾವೇರಿ ಬಸ್ ನಿಲ್ದಾಣದ ಬಳಿ ಆಮ್ಲೆಟ್ ತಿನ್ನುವವರಿಗೆ ಉಡಚವ್ವನ ಮುಖ ಗೊತ್ತಿಲ್ಲ. ಅವರ ತತ್ತಿ ಮಾತ್ರ ಗೊತ್ತು. ಒಡೆದು ಕಾವಲಿಗೆ ಬಿಟ್ಟರೆ ಒಳಗಿನ ಹಳದಿ ಹಳದಿಯಾಗಿರುವುದಿಲ್ಲ, ಸಂಜೆಯ ಸೂರ್ಯನ ಬಣ್ಣಕ್ಕೆ ಇರುತ್ತದೆ. ಅಲ್ಲಿ ಗಾಡಿ ಇಟ್ಟಿರುವ ಗೂಡುಸಾಬ ಮೊದಲ ಸಲ ಆ ತತ್ತಿ ಒಡೆದಾಗ ಬಣ್ಣ ಬೆರೆಸಿದ ಮಾಲು ಎಂದು ಮಾರನೆಯ ದಿನವೇ ಜಗಳಕ್ಕೆ ಬಂದಿದ್ದರು. "ತತ್ತಿಯೊಳಗ ಬಣ್ಣಾ ಹೊಗಸೂದು ಗೊತ್ತಿದ್ರ ನಾ ಇಲ್ಲಿ ಯಾಕ ಕುಂದರ್ತಿದ್ನಿ ಅಣ್ಣಾ?" ಎಂದು ಉಡಚವ್ವ ನಕ್ಕು, ಕೋಳಿಯ ಮೇವಿನ ತಟ್ಟೆ ತೋರಿಸಿದ್ದರು. ನುಚ್ಚು ಮಾಡಿದ ಗೋವಿನಜೋಳದ ಮೇಲೆ ಕೆಂಪಗೆ ಮೆಣಸಿನಕಾಯಿಯ ಪುಡಿ. ಅಂದಿನಿಂದ ಗೂಡುಸಾಬ ಬೇರೆಲ್ಲೂ ತತ್ತಿ ಕೊಂಡಿರಲಿಲ್ಲ.

ಮೆಣಸಿನಕಾಯಿ ಈ ಊರಿನ ಗಾಳಿಯಲ್ಲೇ ಇದೆ. ಉಡಚವ್ವ ಹುಡುಗಿಯಾಗಿದ್ದಾಗಿನಿಂದ ದಲಾಲಿ ಅಂಗಡಿಗಳ ಅಂಗಳದಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸಿದವರು. ಮೂಗಿಗೆ ಸೆರಗು ಸುತ್ತಿ ಕೆಂಪು ರಾಶಿಯ ಮುಂದೆ ಕೂತರೆ ಏಳುವುದು ಕತ್ತಲಾದ ಮೇಲೆ. ತಾಯಿಯೂ ಅದೇ ರಾಶಿಯ ಮುಂದೆ ಕೂತು, ಆ ಘಾಟು ತಂದ ಕೆಮ್ಮಿನಲ್ಲೇ ತೀರಿಕೊಂಡವರು. ದುರ್ಗಾ ಹುಟ್ಟಿದಾಗ ಉಡಚವ್ವ ಒಂದು ಮಾತು ತೀರ್ಮಾನಿಸಿದರು. ಈ ಹುಡುಗಿ ರಾಶಿಯ ಮುಂದೆ ಕೂರಬಾರದು. ಗಂಡ ಸೋಮಪ್ಪ ರಾಣೆಬೆನ್ನೂರಿನ ಬೀಜದ ಗೋದಾಮಿನಲ್ಲಿ ಚೀಲ ಹೊರುತ್ತಾರೆ. ಮೊದಲ ಬಸ್ಸಿಗೆ ಹೋದವರು ದೀಪ ಹಚ್ಚಿದ ಮೇಲೆ ಬರುತ್ತಾರೆ. ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ ಬೇಕಿತ್ತು. ಹಾವೇರಿಯಲ್ಲಿ ಕೋಳಿ ಸಾಕಣೆಯ ತರಬೇತಿ ಇದೆ ಎಂದು ಯಾರೋ ಹೇಳಿದರು. ಹೋದರು. ಸ್ವರ್ಣಧಾರಾ ತಳಿಯ ಒಂದು ಬುಟ್ಟಿ ಮರಿ ತಂದರು.

ಮರಿ ಸಾಕುವುದೆಂದರೆ ಹಸುಗೂಸು ಸಾಕಿದ ಹಾಗೇ. ಮೊದಲ ವಾರಗಳಲ್ಲಿ ಬುಟ್ಟಿಯ ಮೇಲೆ ಬಲ್ಬು ಇಳಿಬಿಟ್ಟು ಕಾವು ಕೊಡಬೇಕು. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ಸೇರಿದರೆ ಚಳಿ ಎಂದು ಅರ್ಥ, ಅಂಚಿಗೆ ಓಡಿ ಬಾಯಿ ತೆರೆದರೆ ಸೆಕೆ ಎಂದು. ಕೋಳಿಗಳನ್ನು ಗುಂಪುಗುಂಪಾಗಿ ಕೊಲ್ಲುವ ಕೊಕ್ಕರೆ ರೋಗದ ಲಸಿಕೆಯನ್ನು ತಪ್ಪಿಸುವಂತಿಲ್ಲ. ಮೊಟ್ಟೆ ಇಡಲು ಬಾಯಿ ಒಡೆದ ಹಳೆಯ ಗಡಿಗೆಗಳನ್ನು ಅಡ್ಡ ಮಲಗಿಸಿ ಒಳಗೆ ಹೊಟ್ಟು ಹಾಸಿದರೆ ಸಾಕು. ಮೊಟ್ಟೆಗೆ ಹೊಲಸು ಹತ್ತಿದ್ದರೆ ಒಣ ಬಟ್ಟೆಯಿಂದ ಒರೆಸಬೇಕು, ನೀರಿಗೆ ಹಾಕಬಾರದು. ಚಿಪ್ಪು ತೆಳುವಾದರೆ ಮೇವಿಗೆ ಸುಣ್ಣದ ಚಿಪ್ಪು, ಎಂದರೆ ಕುಟ್ಟಿದ ಕಪ್ಪೆಚಿಪ್ಪು ಸೇರಿಸಬೇಕು. ಇವನ್ನೆಲ್ಲ ತರಬೇತಿಯಲ್ಲಿ ಕಲಿತರು. ಮೆಣಸಿನಕಾಯಿ ಹಾಕುವುದನ್ನು ಕಲಿಸಿದ್ದು ಮಾತ್ರ ಕೋಳಿಗಳೇ.

ಒಂದು ದಿನ ಸೀರೆಗೆ ಹತ್ತಿ ಬಂದ ಬೀಜ, ಸಿಪ್ಪೆಯನ್ನು ಅಂಗಳದಲ್ಲಿ ಕೊಡವಿದಾಗ ಕೋಳಿಗಳು ಓಡಿ ಬಂದು ಕುಕ್ಕಿದವು. ಮನುಷ್ಯರಿಗೆ ಹತ್ತುವ ಖಾರ ಅವಕ್ಕೆ ಹತ್ತುವುದಿಲ್ಲ. ಕೆಲವು ದಿನ ಬಿಟ್ಟು ಮಗಳಿಗೆಂದು ತತ್ತಿ ಒಡೆದರೆ ಒಳಗೆ ಕೆಂಪು. ಆಮೇಲೆ ತೊಟ್ಟು ಬಿಡಿಸುವ ಅಂಗಡಿಯಲ್ಲಿ ಉದುರಿದ ಚೂರನ್ನು ಕೇಳಿ ತಂದು, ಒಣಗಿಸಿ, ಕುಟ್ಟಿ ಮೇವಿಗೆ ಬೆರೆಸುವುದು ರೂಢಿಯಾಯಿತು. ಕೋಳಿಗಳು ನೂರೈವತ್ತರ ಮೇಲಾದವು. ದಿನಕ್ಕೆ ನೂರರ ಆಸುಪಾಸು ತತ್ತಿ. ಉಡಚವ್ವ ಅಂಗಡಿಯ ರಾಶಿಯಿಂದ ಎದ್ದು ಬಂದರು, ಮತ್ತೆ ಕೂರಲಿಲ್ಲ.

ಪುಡಿ ಉದುರಿಸುವ ಕೆಲಸ ದುರ್ಗಾಳದು. ಸಾಲಿಯಿಂದ ಬಂದು ಪಾಟೀಚೀಲ ಇಟ್ಟ ಕೂಡಲೇ ಡಬ್ಬಿ ಹಿಡಿದು ಕೋಳಿಮನೆಗೆ. ತಟ್ಟೆಗೊಂದು ಮುಷ್ಟಿ. ಓಣಿಯ ಗೆಳತಿಯರಿಗೆ ಅವಳು ಹೇಳುತ್ತಿದ್ದುದು, ತತ್ತಿಗೆ ಬಣ್ಣ ಹಚ್ಚುವವಳು ತಾನೇ ಎಂದು.

ಈ ಸುಗ್ಗಿಯಲ್ಲಿ ಮಳೆ ಹೊತ್ತಲ್ಲದ ಹೊತ್ತಿಗೆ ಬಂತು. ಅಂಗಳದಲ್ಲಿ ಹರವಿದ್ದ ಕಾಯಿ ತೊಯ್ದು, ಚೀಲದೊಳಗೇ ಬಿಸಿಯಾಗಿ, ಒಳಗೆ ಬೂದುಬಣ್ಣದ ಬೂಷ್ಟು ಹಿಡಿಯಿತು. ಮಾರಲಾಗದ ಆ ಕಾಯಿಯನ್ನು ಅಂಗಡಿಯವರು ಹಿಂದಿನ ಬಯಲಿಗೆ ಸುರಿದರು. ಉಡಚವ್ವ ಯಾರನ್ನೂ ಕೇಳದೆ ಎರಡು ಚೀಲ ತುಂಬಿಕೊಂಡು ಬಂದರು. ತಗಡಿನ ಮೇಲೆ ಹರವಿ, ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿಸಿದರು. ಮೇಲಿನ ಬೂಷ್ಟು ಬಿಸಿಲಿಗೆ ಉದುರಿಹೋಯಿತು. ಬಣ್ಣ ಸ್ವಲ್ಪ ಮಾಸಿತ್ತು, ಅಷ್ಟೇ.

"ಬಿಸಲಿಗೆ ಹಾಕಿದ್ರ ಎಲ್ಲಾ ಸುದ್ದ ಆಕ್ಕೈತಿ ಅಂತ ತಿಳದಿದ್ನಿರಿ" ಎಂದು ಈಗ ಕೇಳಿದವರಿಗೆ ಹೇಳುತ್ತಾರೆ. "ಹುಟ್ಟಿದಾಗಿಂದ ಮೆಣಸಿನಕಾಯಿ ಹಂಗ ನೋಡೇನಿ. ತೊಯ್ತಂದ್ರ ಒಣಗಸೂದು. ಒಣಗಿತಂದ್ರ ಮುಗೀತು. ಮತ್ತೇನ ನೋಡೂದೈತಿ ಅದರಾಗ?"

ಮೊದಲು ತತ್ತಿ ಕಡಿಮೆಯಾದವು. ಆಮೇಲೆ ಚಿಪ್ಪು ತೆಳುವಾಗಿ, ಹಿಡಿದ ಕೈಯಲ್ಲೇ ಒಡೆದವು. ಸುಣ್ಣದ ಚಿಪ್ಪು ಹೆಚ್ಚಿಸಿದರು. ಜುಟ್ಟು ಬಿಳಿಚಿತು. ಶಕ್ತಿ ಬರಲೆಂದು ಮೇವು ಹೆಚ್ಚಿಸಿದರು, ಮೇವಿನ ಜೊತೆಗೆ ಪುಡಿಯನ್ನೂ. ಕೊಕ್ಕರೆ ರೋಗವೇ ಬಂತೆಂದು ಲಸಿಕೆ ಹಾಕಿದವರನ್ನು ಬೈದುಕೊಂಡರು. ಸಾಯುವುದು ಶುರುವಾದಾಗ ಒಂದು ಸತ್ತ ಕೋಳಿಯನ್ನು ಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಹಾವೇರಿಗೆ ಹೋದರು. ಪಶುವೈದ್ಯೆ ಸುಶ್ಮಿತಾ ಅದನ್ನು ಕೊಯ್ದು ನೋಡಿ, ಮರುದಿನ ತಾವೇ ಬ್ಯಾಡಗಿಗೆ ಬಂದರು. ಕೋಳಿಯ ಲಿವರ್ ಹಳದಿಗಟ್ಟಿ, ಬೆರಳಿಟ್ಟರೆ ಹಿಟ್ಟಿನಂತೆ ಉದುರುತ್ತಿತ್ತು. ಗೋವಿನಜೋಳ ಮೂಸಿದರು, ಹಿಂಡಿ ಮುರಿದು ನೋಡಿದರು, ಕೊನೆಗೆ ಪುಡಿಯ ಡಬ್ಬಿಯ ಮುಚ್ಚಳ ತೆಗೆದರು.

"ಬಿಸಿಲಿಗೆ ಬೂಷ್ಟು ಸಾಯ್ತದವ್ವಾ" ಎಂದರಂತೆ ಅವರು. "ಅದು ಬಿಟ್ಟ ವಿಷ ಸಾಯೂದಿಲ್ಲ."

ಉಡಚವ್ವ ಮೊದಲು ಕೇಳಿದ್ದು ತತ್ತಿ ತಿಂದವರ ಬಗ್ಗೆ. ತತ್ತಿಗೆ ಇಳಿಯುವ ಪಾಲು ಬಹಳ ಕಡಿಮೆ, ಹೆದರಬೇಡಿ, ಆದರೆ ನಾನು ಹೇಳುವ ತನಕ ಒಂದನ್ನೂ ಮಾರಬೇಡಿ ಎಂದು ಅವರು ಹೇಳಿದರು. ನೀರಿನಲ್ಲಿ ಹಾಕಲು ಔಷಧ ಕೊಟ್ಟರು. ಕೆಲವು ಉಳಿಯಬಹುದು. ಉಳಿದವು ಮತ್ತೆ ಮೊಟ್ಟೆ ಇಡುತ್ತವೆಯೇ ಎಂದು ಕೇಳಿದ್ದಕ್ಕೆ, ಈಗಲೇ ಹೇಳಲಾಗದು ಎಂದರು. ಆ ರಾತ್ರಿ ಉಡಚವ್ವ ಗಂಡನಿಗೆ ಹೇಳಿದ್ದು ಇಷ್ಟೇ: "ಮೆಣಸಿನಕಾಯಿ ಪುಡಿನ ಕೋಳಿನ್ನ ಕೊಂದೈತಂತ." ಸೋಮಪ್ಪ ಎದ್ದು ದೀಪ ಆರಿಸಿದರು. ಬೈದಿದ್ದರೆ ಒಳ್ಳೆಯದಿತ್ತು ಎಂದು ಉಡಚವ್ವನಿಗೆ ಈಗಲೂ ಅನ್ನಿಸುತ್ತದೆ. ಪಕ್ಕದ ಹಾಸಿಗೆಯಲ್ಲಿ ದುರ್ಗಾ ಕಣ್ಣು ಮುಚ್ಚಿಕೊಂಡಿದ್ದಳು.

ನಿನ್ನೆಗೆ ಇಪ್ಪತ್ತೆರಡು ಕೋಳಿ ಉಳಿದಿದ್ದವು. ಇವತ್ತಿನದನ್ನು ಕಳೆದರೆ ಇಪ್ಪತ್ತೊಂದು. ಗಡಿಗೆಗಳಲ್ಲಿ ಸಿಗುವ ಒಂದೆರಡು ತತ್ತಿಯನ್ನು ಉಡಚವ್ವ ಒಡೆದು ಮಣ್ಣಿಗೆ ಹಾಕುತ್ತಾರೆ. ಹಾಗೆ ಒಡೆಯುವಾಗ ಅವರು ಕೆಳಗೆ ನೋಡುವುದಿಲ್ಲ. ಇವು ಚೇತರಿಸಿಕೊಳ್ಳದಿದ್ದರೆ ಯುಗಾದಿಯ ಹೊತ್ತಿಗೆ ಮತ್ತೆ ತೊಟ್ಟು ಬಿಡಿಸಲು ಹೋಗಬೇಕು. ಅಂಗಡಿಯಿಂದ ಆಗಲೇ ಕರೆ ಬಂದಿದೆ. ರಜೆ ಬರುತ್ತದೆ, ಹುಡುಗಿಯನ್ನೂ ಕರೆತಾ, ಸಣ್ಣ ಬೆರಳು ಚುರುಕಾಗಿರುತ್ತವೆ ಎಂದೂ ಹೇಳಿ ಕಳಿಸಿದ್ದಾರೆ. ಕರೆದವರು ಕೆಟ್ಟವರಲ್ಲ. ಉಡಚವ್ವನ ತಾಯಿಗೂ ಹೀಗೇ ಯಾರೋ ಹೇಳಿದ್ದರು.

ಇನ್ನು ಏನಾದರೆ ಸಾಕು ಎಂದು ಕೇಳಿದರೆ ಅವರ ಕಣ್ಣು ಮೂಲೆಯ ಕೋಲಿನ ಕಡೆ ಹೋಗುತ್ತದೆ. "ದೊಡ್ಡದೇನೂ ಬ್ಯಾಡ್ರಿ. ಒಂದ ಮುಂಜಾನೆ ಹೊಟ್ಟು ಮಗಚೂದು ಪೂರಾ ಮುಗೀಬೇಕು. ನಡಕ ಕೋಲು ನಿಂದರಬಾರದು."

ಹೊತ್ತು ಏರಿದಾಗ ಗೂಡುಸಾಬ ಬರುತ್ತಾರೆ. ತತ್ತಿ ಇಲ್ಲವೆಂದು ಗೊತ್ತಿದ್ದೂ ಮೊಪೆಡ್ಡಿನ ಹಿಂದೆ ಖಾಲಿ ಟ್ರೇ ಕಟ್ಟಿಕೊಂಡೇ ಬಂದಿದ್ದಾರೆ. ರೂಢಿ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾ, ಗಿರಾಕಿಗಳು ಬಿಡುತ್ತಿಲ್ಲ ಎನ್ನುತ್ತಾರೆ. "ಕೆಂಪು ತತ್ತಿ ಎಲ್ಲಿ ಅಂತ ದಿನಾ ಕೇಳ್ತಾರ ತಂಗೀ. ಕೋಳಿ ಹಡ್ಯಾಕ ತವರಮನಿಗೆ ಹೋಗ್ಯಾವ ಅಂತ ಹೇಳೇನಿ."

ಉಡಚವ್ವನ ಮುಖದಲ್ಲಿ ನಗು ಬಂದು ಅರ್ಧಕ್ಕೇ ನಿಲ್ಲುತ್ತದೆ. ಗೂಡುಸಾಬ ಲೋಟ ಕೆಳಗಿಟ್ಟು, ಬಂದ ವಿಷಯ ಹೇಳುತ್ತಾರೆ. ಗುತ್ತಲದ ಕಡೆ ಕೋಳಿ ಮಾಂಸದ ಅಂಗಡಿಯವನೊಬ್ಬ ಇದ್ದಾನೆ. ಉಳಿದವನ್ನು ಒಟ್ಟಿಗೆ ಒಯ್ಯುತ್ತಾನೆ, ಯಾಕೆ ಏನು ಎಂದು ಕೇಳುವುದಿಲ್ಲ. ಅವು ಉಸಿರಾಡುತ್ತಿರುವಾಗಲೇ ಕೊಟ್ಟರೆ ಬಂದ ಹಣ ಹೊಸ ಮರಿಗಾದರೂ ಆದೀತು. ಇದನ್ನು ಹೇಳುವಾಗ ಅವರು ಉಡಚವ್ವನನ್ನು ನೋಡದೆ, ಟ್ರೇಯ ಹಗ್ಗ ಬಿಚ್ಚಿ ಮತ್ತೆ ಕಟ್ಟುತ್ತಿರುತ್ತಾರೆ.

"ಅವನ್ನ ಯಾರ ತಿಂತಾರ ಅಣ್ಣಾ?"

"ಅದನ್ನ ಯಾರ ಕೇಳ್ತಾರ?"

"ನಾ ಕೇಳಾಕತ್ತೇನಿ. ನನ್ನ ಮಗಳ ತಾಟಿಗೆ ಹಾಕಲಾರದ್ದನ್ನ ಇನ್ನೊಬ್ಬರ ಮಗಳ ತಾಟಿಗೆ ಹೆಂಗ ಹಾಕ್ಲಿ? ಸತ್ತರ ಇಲ್ಲೇ ಸಾಯ್ಲಿ. ಮಣ್ಣು ಕೊಡ್ತೇನಿ."

ಗೂಡುಸಾಬ ತಲೆ ಅಲ್ಲಾಡಿಸುತ್ತಾರೆ. ಬೇಸರವೋ ಒಪ್ಪಿಗೆಯೋ ತಿಳಿಯುವುದಿಲ್ಲ. ಹೋಗುವಾಗ ಖಾಲಿ ಟ್ರೇಗಳನ್ನು ಕಟ್ಟೆಯ ಮೇಲೇ ಬಿಟ್ಟು ಹೋಗುತ್ತಾರೆ.

ಸಂಜೆ ದುರ್ಗಾ ಸಾಲಿಯಿಂದ ಬರುವ ಹೊತ್ತಿಗೆ ಉಡಚವ್ವ ಹಿತ್ತಲಲ್ಲಿ ತಗ್ಗು ತೋಡಿದ್ದಾರೆ. ಬೆಳಗಿನ ಹೇಟೆಯನ್ನು ಒಳಗಿಟ್ಟು ಮೇಲೆ ಸುಣ್ಣ ಚೆಲ್ಲಿದ್ದಾರೆ. ಉಳಿದ ಅರ್ಧ ಚೀಲ ಕಾಯಿಯೂ ಇವತ್ತು ಇದೇ ತಗ್ಗಿಗೆ ಹೋಗಬೇಕು. ಬಿಸಾಡಿದರೆ ಇನ್ಯಾರದೋ ಕೋಳಿ ಕುಕ್ಕೀತು, ಸುಟ್ಟರೆ ಓಣಿಯೆಲ್ಲ ಕೆಮ್ಮೀತು. ಹುಡುಗಿ ಪಾಟೀಚೀಲ ಇಟ್ಟವಳೇ ನೀರಿನ ತೊಟ್ಟಿಯ ಕಡೆ ಹೋಗಿ ಕೈಗೆ ಸಾಬೂನು ತಿಕ್ಕತೊಡಗುತ್ತಾಳೆ. ತೊಳೆದು, ಮತ್ತೆ ತಿಕ್ಕಿ, ಮತ್ತೆ ತೊಳೆಯುತ್ತಾಳೆ. ಬೆರಳ ತುದಿ ಸುಕ್ಕುಗಟ್ಟಿದೆ. ಕೋಳಿ ಮುಟ್ಟಿದ ಮೇಲೆ ಕೈ ತೊಳೆಯಿರಿ ಎಂದು ಡಾಕ್ಟರು ಹೇಳಿದ್ದನ್ನು ಮಗಳು ಎಷ್ಟು ಚೆನ್ನಾಗಿ ಪಾಲಿಸುತ್ತಾಳೆ ಎಂದೇ ಉಡಚವ್ವ ಇಷ್ಟು ದಿನ ಅಂದುಕೊಂಡಿದ್ದರು. ಆದರೆ ಇವತ್ತು ಅವಳು ಬಾಗಿಲಲ್ಲಿ ನಿಂತದ್ದು ಬಿಟ್ಟರೆ ಕೋಳಿಮನೆಯ ಒಳಗೆ ಹೋಗಿಯೇ ಇಲ್ಲ. ಮೊನ್ನೆಯಿಂದಲೂ ಹೋಗಿಲ್ಲ.

"ದುರ್ಗೀ, ಸಾಕು ಬಿಡು. ಬಾ ಇಲ್ಲಿ. ಈ ಚೀಲದ ಒಂದ ತುದಿ ಹಿಡಿ."

ಹುಡುಗಿ ಬರುತ್ತಾಳೆ. ಚೀಲದ ಹತ್ತಿರ ಬಂದವಳು ಕೈ ಚಾಚುವುದಿಲ್ಲ. ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಲ್ಲುತ್ತಾಳೆ. ಉಡಚವ್ವ ಒಬ್ಬರೇ ಚೀಲವನ್ನು ಓರೆ ಮಾಡಿ ಸುರಿಯುತ್ತಾರೆ. ಸುಣ್ಣದ ಬಿಳುಪಿನ ಮೇಲೆ ಕಾಯಿ ಸರಸರ ಬೀಳುತ್ತದೆ, ಘಾಟು ಏಳುತ್ತದೆ. ಇಬ್ಬರೂ ಸೀನುವುದಿಲ್ಲ. ಮಣ್ಣು ಎಳೆಯಲು ಸಲಿಕೆ ಎತ್ತಿಕೊಂಡಾಗ ಮಗಳ ಬಾಯಿ ಮತ್ತೆ ತೆರೆದಿರುವುದು ತಾಯಿಗೆ ಕಾಣುತ್ತದೆ. ಜೋಡಿಸಿಟ್ಟ ಉತ್ತರವನ್ನು ಅವರು ಮನಸ್ಸಿನಲ್ಲಿ ಇನ್ನೊಮ್ಮೆ ಹೇಳಿಕೊಳ್ಳುತ್ತಾರೆ. ಎಲ್ಲಾ ಸಾಯೂದಿಲ್ಲ ಬಂಗಾರ, ಕೆಲವು ಉಳಿತಾವ, ಡಾಕ್ಟರಬಾಯಿ ಹೇಳ್ಯಾರ.

"ಅವ್ವಾ."

"ಕೇಳು."

ದುರ್ಗಾ ತಗ್ಗಿನೊಳಗೆ ನೋಡುತ್ತಲೇ ಕೇಳುತ್ತಾಳೆ.

"ದಿನಾ ಪುಡಿ ಹಾಕಿದಾಕಿ ನಾನ ಅಲ್ಲೇನು? ಹಂಗಾರ ಅವನ್ನೆಲ್ಲಾ ನಾನ ಕೊಂದೇನೇನವ್ವಾ?"