ಬಾಗಿಲ ಹಿಂದಿನ ಕೊಡೆ

ಯಾರಾದರೂ ನಮ್ಮ ಮನೆಯಲ್ಲಿ ಏನಾದರೂ ಬಿಟ್ಟು ಹೋದರೆ ನನಗೆ ತಲೆಬಿಸಿ ಶುರುವಾಗುತ್ತದೆ. ಮರೆತರೋ, ಬೇಕೆಂದೇ ಬಿಟ್ಟರೋ, ನನ್ನ ಮಾತು ಸಾಕಾಗಿ ಎದ್ದು ಓಡುವ ಗಡಿಬಿಡಿಯಲ್ಲಿ ಹೀಗಾಯಿತೋ ಎಂದು ಎಣಿಸುತ್ತ ಕೂರುತ್ತೇನೆ. ಅಷ್ಟರಲ್ಲಿ ಮನೆಯ ಬೇರೆ ಯಾರಾದರೂ ಓಡಿ ಹೋಗಿ ಅದನ್ನು ಕೊಟ್ಟು ಬಂದಿರುತ್ತಾರೆ. ಈ ಕಾಯಿಲೆ ನನಗೆ ಹುಟ್ಟಿನಿಂದ ಬಂದದ್ದಲ್ಲ, ಮನಃಶಾಸ್ತ್ರ ಓದಿ ಬಂದದ್ದು.

ಎಪ್ಪತ್ತರ ದಶಕದ ಕೊನೆಗೆ ನಾನು ಬಿ.ಎ.ಯಲ್ಲಿ ಆ ವಿಷಯ ತೆಗೆದುಕೊಂಡಿದ್ದೆ. ಮನುಷ್ಯರು ಒಬ್ಬರೊಂದಿಗೊಬ್ಬರು ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಎಂಬ ಬಗ್ಗೆ ಒಂದು ದಪ್ಪ ಅಧ್ಯಾಯವಿತ್ತು. ಬಹುಮಾನ ಸಿಕ್ಕಿದ ಕೆಲಸವನ್ನೇ ಮನುಷ್ಯ ಮತ್ತೆ ಮಾಡುತ್ತಾನೆ ಎಂದು ಒಬ್ಬ ಪಂಡಿತರು. ಅಲ್ಲ, ಕೊಡುವುದೆಷ್ಟು, ಸಿಗುವುದೆಷ್ಟು ಎಂದು ತೂಗಿಯೇ ಸಂಬಂಧ ಇಟ್ಟುಕೊಳ್ಳುತ್ತಾನೆ ಎಂದು ಇನ್ನೊಬ್ಬರು. ನಾಲ್ಕು ಜನ ಮಾಡಿದ್ದನ್ನು ನೋಡಿ ಮಾಡುತ್ತಾನೆ, ಅಷ್ಟೇ ಎಂದು ಮತ್ತೊಬ್ಬರು. ಮರೆವು ಎಂಬುದೇ ಸುಳ್ಳು, ಅದು ಒಳಮನಸ್ಸಿನ ಆಸೆ ಎಂದವರೂ ಇದ್ದರು. ಯಾವ ಪುಟ ಓದಿದರೂ ಅದೇ ಸರಿ ಎನಿಸುತ್ತಿತ್ತು. ಪರೀಕ್ಷೆಯಲ್ಲಿ ಎಲ್ಲವನ್ನೂ ಬರೆದರೆ ಪಾಸಾಗುತ್ತಿತ್ತು, ಆದರೆ ಒಮ್ಮೆ ಮನೆಯಲ್ಲಿ ಒಂದೇ ಉತ್ತರ ಕೊಡಬೇಕಾಗಿ ಬಂತು.

ಅದು ಅಕ್ಕ ಸುಮತಿಯನ್ನು ನೋಡಲು ಬೆಳ್ಳಾರೆಯಿಂದ ಒಬ್ಬ ಮೇಷ್ಟ್ರು ಬಂದಾಗ. ತನ್ನ ತಾಯಿ, ಸೋದರಮಾವನ ಜೊತೆ ಪುತ್ತೂರಿನ ನಮ್ಮ ಮನೆಗೆ ಬಂದರು, ಸಜ್ಜಿಗೆ ಅವಲಕ್ಕಿ ತಿಂದರು, "ತಿಳಿಸ್ತೇವೆ" ಎಂದು ಐದು ಗಂಟೆಯ ಬಸ್ಸಿಗೆ ಹೊರಟರು. ನಮ್ಮ ಕಡೆ "ತಿಳಿಸ್ತೇವೆ" ಎಂದರೆ ಆಯಿತು ಎಂದೂ ಆಗಬಹುದು, ಆಗಲಿಲ್ಲ ಎಂದೂ ಆಗಬಹುದು. ಅವರು ಹೋದ ಮೇಲೆ ಜಗಲಿಯ ಬಾಗಿಲ ಹಿಂದೆ ಮೇಷ್ಟ್ರ ಕೊಡೆ ಸಿಕ್ಕಿತು.

ಬೇರೆ ಯಾರ ಕೊಡೆಯಾಗಿದ್ದರೂ ಮರುದಿನವೇ ತಲುಪಿಸಬಹುದಿತ್ತು. ಆದರೆ ಮೊದಲ ಮಾತು ಹುಡುಗನ ಕಡೆಯಿಂದಲೇ ಬರಬೇಕು. ಅದಕ್ಕೆ ಮುಂಚೆ ನಾವು ಕೊಡೆ ಹಿಡಿದು ಹೋದರೆ ಹುಡುಗಿಯನ್ನು ದಾಟಿಸಲು ಬೆನ್ನು ಹಿಡಿದ ಹಾಗೆ. ಕೊಡದೆ ಕೂತರೆ ಕೊಡೆ ನುಂಗಿದವರಾಗುತ್ತೇವೆ. ಇದರ ಮೇಲೆ, ಸುಳ್ಯದ ಇನ್ನೊಂದು ಸಂಬಂಧದವರು ಅಕ್ಕನನ್ನು ಒಪ್ಪಿ, ಮುಂದಿನ ಸೋಮವಾರದ ಟಪಾಲಿಗೆ ನಮ್ಮ ಉತ್ತರ ಹಾಕಬೇಕೆಂದು ಕೂತಿದ್ದರು.

"ನೀನು ಮನಸ್ಸಿನ ಶಾಸ್ತ್ರ ಕಲಿತದ್ದಲ್ವಾ? ಇದು ಎಂತ ಹೇಳು," ಎಂದರು ಅಪ್ಪ.

ಅಪ್ಪ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನು ಉಬ್ಬಿಹೋದೆ. ಮೊದಲ ದಿನ, ಒಳಮನಸ್ಸಿಗೆ ಮತ್ತೆ ಬರುವ ಆಸೆ ಇರುವುದರಿಂದ ಮರೆತಿದ್ದಾರೆ ಎಂದೆ. ಅಮ್ಮ ಖುಷಿಯಿಂದ ಪಾಯಸ ಮಾಡಿದಳು. ಬುಧವಾರದವರೆಗೂ ಕಾಗದ ಬರದಿದ್ದಾಗ, ತೂಗಿ ನೋಡುತ್ತಿರಬೇಕು ಎಂದೆ. ಶುಕ್ರವಾರ, ಬಹುಶಃ ಸೋದರಮಾವನ ಮುಖ ನೋಡಿ ಸುಮ್ಮನಾಗಿದ್ದಾರೆ ಎಂದೆ. ಅಮ್ಮ ಪಾಯಸ ಮಾಡುವುದನ್ನು ನಿಲ್ಲಿಸಿದಳು.

ನಮ್ಮ ಬೀದಿಯ ಕೊನೆಯಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ ಹಮೀದಾಕ ಅದನ್ನು ಬಿಚ್ಚಿ, ಮುಚ್ಚಿ ನೋಡಿ ಅಪ್ಪನಿಗೆ ಹೇಳಿದರು: "ಹೊಸ ಕೊಡೆ ಮಾರಾಯ್ರೆ. ಹಳತನ್ನು ಮರೀತಾರೆ. ಹೊಸತನ್ನು ಮರೆಯುದುಂಟಾ?"

ಇಂಥ ಮಾತು ನನ್ನ ಪುಸ್ತಕದಲ್ಲಿ ಇರಲಿಲ್ಲ. ಆದ್ದರಿಂದ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಭಾನುವಾರ ಸಂಜೆ ಅಪ್ಪ ಕೊನೆಯ ಬಾರಿ ಕೇಳಿದರು. ನನಗೆ ಆ ಹೊತ್ತಿಗೆ ಎಲ್ಲ ಸಿದ್ಧಾಂತಗಳೂ ಕಲಸಿಹೋಗಿದ್ದವು. ಗೊತ್ತಿಲ್ಲ ಎನ್ನಲು ನಾಚಿಕೆ. "ಹೊಸ ಕೊಡೆಯನ್ನೂ ಬೇಡವೆಂದು ಬಿಟ್ಟವರು ಈ ಮನೆಯ ನೆನಪೇ ಬೇಡ ಎಂದುಕೊಂಡಿದ್ದಾರೆ," ಎಂದುಬಿಟ್ಟೆ. ಅಪ್ಪ ಒಂದು ಪೋಸ್ಟ್ ಕಾರ್ಡ್ ತೆಗೆದು ಸುಳ್ಯದವರಿಗೆ ಒಪ್ಪಿಗೆ ಬರೆಯತೊಡಗಿದರು.

ಅಕ್ಕ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ನಿಂತಳು.

"ಅಪ್ಪ, ಅವರು ಕೊಡೆ ಮರೆತದ್ದಲ್ಲ. ನಾನು ಅಡಗಿಸಿ ಇಟ್ಟದ್ದು."

"ಯಾಕೆ?"

"ಇನ್ನೊಮ್ಮೆ ಬರ್ಲಿ ಅಂತ."

ಹೆಣ್ಣುಮಗಳು ಹೀಗೆ ಬಾಯಿ ಬಿಟ್ಟು ಹೇಳಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ಅಮ್ಮ ತಲೆ ಮೇಲೆ ಕೈಯಿಟ್ಟಳು. ನಾನು ಒಂದು ವಾರ ಆ ಮೇಷ್ಟ್ರ ಮನಸ್ಸನ್ನು ಅಗೆದದ್ದೇ ಅಗೆದದ್ದು. ಪಕ್ಕದಲ್ಲೇ ಅನ್ನ ಬಡಿಸುತ್ತಿದ್ದವಳ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅಪ್ಪ ಅರ್ಧ ಬರೆದ ಕಾರ್ಡನ್ನು ತೊಡೆಯ ಕೆಳಗೆ ಸರಿಸಿದರು. ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ, ಕೊಡೆ ಹಿಡಿದು, ಬೆಳ್ಳಾರೆಯ ಬಸ್ಸು ಹತ್ತಿದರು. ಊರು ಏನು ಹೇಳೀತು ಎಂದು ಹೆದರುವ ಮನುಷ್ಯ ಅವರು. ನಾಲ್ಕು ಜನರನ್ನು ನೋಡಿ ಮಾಡುತ್ತಾನೆ ಎಂದ ಮೂರನೆಯ ಪಂಡಿತರ ಪ್ರಕಾರ ಅವರು ಹೋಗುವ ಹಾಗೇ ಇರಲಿಲ್ಲ.

ಅಕ್ಕನಿಗೆ ಆ ಮೇಷ್ಟ್ರ ಜೊತೆಗೇ ಮದುವೆಯಾಗಿ ಕೆಲವು ವರ್ಷಗಳ ನಂತರ, ಒಂದು ದಿನ ಅವರ ಮನೆಯಲ್ಲಿ ಊಟ ಮುಗಿಸಿ ಕೂತಾಗ ಭಾವನನ್ನು ಕೇಳಿದೆ, ಅವತ್ತು ಹೊರಡುವಾಗ ಕೊಡೆ ಕಾಣದಿದ್ದರೂ ಯಾಕೆ ಕೇಳಲಿಲ್ಲ ಎಂದು.

"ಅವಳು ಅಡಗಿಸುದನ್ನು ನಾನು ನೋಡಿದ್ದೆ," ಎಂದರು ಭಾವ ಅಡಿಕೆ ಕತ್ತರಿಸುತ್ತ.

"ಮತ್ತೆ ಒಂದು ವಾರ ಯಾಕೆ ಬರ್ಲಿಲ್ಲ?"

"ಕೂಡಲೇ ಬಂದಿದ್ರೆ ಕೊಡೆಗಾಗಿ ಬಂದದ್ದು ಅಂತ ಎಣಿಸ್ತಿದ್ರಿ. ಸ್ವಲ್ಪ ದಿನ ಹೋಗ್ಲಿ ಅಂತ ಇದ್ದೆ. ಅಷ್ಟರಲ್ಲಿ ಮಾವನೇ ಬಂದ್ರು." ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದರು: "ಇದಕ್ಕೆ ನಿನ್ನ ಪುಸ್ತಕದಲ್ಲಿ ಎಂತ ಹೆಸರು ಉಂಟು ಮಾರಾಯ?"

ಮನೆಗೆ ಬಂದು ಆ ಅಧ್ಯಾಯವನ್ನು ಮತ್ತೆ ಓದಿದೆ. ಅಡಗಿಸಿದವಳದು ಒಂದು ಕಡೆ ಸ್ವಲ್ಪ ಹೊಂದುತ್ತದೆ. ನೋಡಿಯೂ ಸುಮ್ಮನೆ ಬಿಸಿಲಿಗೆ ಇಳಿದು ಹೋದವನದು ಎಲ್ಲಿಯೂ ಇಲ್ಲ. ಇಬ್ಬರದೂ ಸೇರಿ ಆದದ್ದಂತೂ ನನಗೆ ಈಗಲೂ ಗೊಂದಲ.

ಮೊನ್ನೆ ಬೆಳ್ಳಾರೆಗೆ ಹೋಗಿದ್ದೆ. ಹೊರಡುವಾಗ ಜಗಲಿಯಲ್ಲಿಟ್ಟಿದ್ದ ನನ್ನ ಕೊಡೆ ಕಾಣಲಿಲ್ಲ. ಅಕ್ಕ ಒಲೆಯ ಕಡೆ ಮುಖ ಮಾಡಿ ಏನೋ ಕಲಕುತ್ತಿದ್ದಳು. ನಾನು ಬಾಗಿಲ ಹಿಂದೆ ನೋಡಲಿಲ್ಲ. "ಬರ್ತೇನೆ ಅಕ್ಕ," ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದೆ.