ಕೋಲು ಕೊಡದವಳು

ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಬಂದರಿನ ಬೀದಿಗೆಲ್ಲ ಅವಳು ಟಾರ್ಪಾಲಕ್ಕ. ಲಾರಿಗೆ ಹೊದಿಸುವ ಟಾರ್ಪಾಲು, ಅಂಗಡಿ ಮುಂದಿನ ನೆರಳಿನ ಬಟ್ಟೆ, ದೋಣಿಯ ಹೊದಿಕೆ, ಯಾವ ದಪ್ಪ ಬಟ್ಟೆ ಹರಿದರೂ ಅದು ಅವಳ ಮನೆಯ ಮುಂದಿನ ಕೋಣೆಗೇ ಬರಬೇಕು. ಅಲ್ಲಿ ಕಿಟಕಿಗೆ ಒತ್ತಿಕೊಂಡು ಕೈಯಿಂದ ತಿರುಗಿಸುವ ಹಳೇ ಹೊಲಿಗೆ ಮಿಷನ್ನು ಕೂತಿದೆ. ಮೋಟಾರು ಹಾಕಿಸು ಅಂತ ಹೇಳದವರಿಲ್ಲ. ಆದರೆ ಮೋಟಾರಿಗೆ ಅವಸರ ಜಾಸ್ತಿ, ನಾಲ್ಕು ಮಡಿಕೆಯ ಅಂಚಿಗೆ ಬಂದಾಗ ಸೂಜಿ ಪಟ್ಟನೆ ಮುರಿಯುತ್ತದೆ. ಹಾಗಾಗಿ ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ಬಟ್ಟೆಯ ಭಾರ ಎತ್ತಿ ಮುಂದಕ್ಕೆ ಕೊಡುತ್ತದೆ. ಕೆಲಸಕ್ಕೆ ಇಷ್ಟು ತಾಳ್ಮೆ ಇದ್ದವಳಿಗೆ ಮಾತಿಗೆ ಮಾತ್ರ ತಾಳ್ಮೆ ಇಲ್ಲ. ಅಳತೆ ತಪ್ಪಾಗಿ ತಂದವರು ಯಾರೇ ಆದರೂ ಬೈಸಿಕೊಂಡೇ ಮನೆಗೆ ಹೋಗಬೇಕು.

ಇಂಥ ಬಾಯಿಯವಳು ಹೋದ ವರ್ಷ ಒಂದಿಡೀ ವಾರ ಬಾಯಿ ಬಿಡಲಿಲ್ಲ. ಕಾರಣ ದೋಣಿ.

ಆ ದೋಣಿ ಅವಳ ಅಪ್ಪ, ದೊಡ್ಡಪ್ಪ ಮತ್ತು ಅವರ ಗೆಳೆಯರು ಸೇರಿ ಕಟ್ಟಿಸಿದ್ದು. ಮೀನು ಮಾರಾಟಕ್ಕಲ್ಲ, ರಜಾದಿನ ಆಳ ಸಮುದ್ರಕ್ಕೆ ಹೋಗಿ ಗಾಳದ ಕೋಲಿನಲ್ಲಿ ಮೀನು ಹಿಡಿಯುವ ಹುಚ್ಚಿಗೆ. ಒಬ್ಬೊಬ್ಬರಿಗೆ ಒಂದೊಂದು ಜಾಗ, ಜಾಗ ಇಲ್ಲದವರು, ಇದ್ದವರಲ್ಲಿ ಯಾರಾದರೂ ಬಾರದ ದಿನ ಮಾತ್ರ ಹತ್ತಬೇಕು. ಅಪ್ಪ ಸಾಯುವ ಮುಂಚೆ, "ನನ್ನ ಜಾಗ ಮಗಳಿಗೆ" ಅಂದಿದ್ದ. ಚಿಕ್ಕವಳಿದ್ದಾಗ ಅವನ ಮೊಣಕಾಲ ಸಂದಿಯಲ್ಲಿ ಕೂತು ಸಮುದ್ರ ನೋಡಿದ ಜಾಗ ಅದು. ಅಪ್ಪ ಬಿಟ್ಟುಹೋದದ್ದರಲ್ಲಿ ಅವಳಿಗೆ ಬೇಕಿದ್ದದ್ದು ಅದೊಂದೇ.

ಆದರೆ ದೋಣಿಗೆ ಒಂದು ಕಾನೂನಿತ್ತು. ಮೀನು ಕಚ್ಚಿದ ಮೇಲೆ ಕೋಲನ್ನು ಇನ್ನೊಬ್ಬರ ಕೈಗೆ ಕೊಡಬಾರದು. ಒಂದು ಸಲ ಕೊಟ್ಟರೆ ಮಾಫಿ, ಎರಡನೇ ಸಲ ಕೊಟ್ಟರೆ ಜಾಗ ಹೋಯಿತು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅನ್ನುವ ಮಾತು ಬೇರೆ ಕಡೆ ಬರೀ ಗಾದೆ, ಆ ದೋಣಿಯಲ್ಲಿ ನಿಜ. ಟಾರ್ಪಾಲಕ್ಕ ಹೋದ ವರ್ಷ ಮೊದಲನೇ ಮೀನಿಗೇ ಕೋಲು ಕೊಟ್ಟಿದ್ದಳು. ಅದೂ ಯಾರಿಗೆ? ಭಾವನಿಗೆ. ದೊಡ್ಡಪ್ಪನ ಅಳಿಯ ಆತ, ಆ ಜಾಗದ ಮೇಲೆ ಎಷ್ಟೋ ವರ್ಷದಿಂದ ಕಣ್ಣಿಟ್ಟವನು. ನಗುನಗುತ್ತಾ ಕೋಲು ಇಸಿದುಕೊಂಡು ಮೀನು ಎಳೆದು ಹಾಕಿ, "ಇನ್ನೊಂದೇ ಬಾಕಿ, ಟಾರ್ಪಾಲು" ಅಂದಿದ್ದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಊರು ಆಡಿಕೊಂಡಿತು. ನ್ಯಾಯವಾಗಿ ಹೇಳಬೇಕೆಂದರೆ ನೆಲ ನಿಜಕ್ಕೂ ಡೊಂಕಾಗಿತ್ತು, ಡೊಂಕು ಮಾಡಿದ್ದು ಅವಳ ಗಂಡ. ಆತ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆ ದೋಣಿಯವರು ಹಿಡಿಯುವ ವಿಧಾನಕ್ಕೆ ಮೆಕ್ಯಾನಿಕಲ್ ಜಿಗ್ಗಿಂಗ್ ಅಂತ ಹೆಸರು ಎಂದು ಕಿವಿಗೆ ಬಿದ್ದದ್ದೇ ತಡ, "ಮೆಕ್ಯಾನಿಕಲ್ ಅಂದ್ಮೇಲೆ ಅದು ನನ್ನ ಡಿಪಾರ್ಟ್‌ಮೆಂಟು, ನೀನು ಸುಮ್ನಿರು" ಅಂದು ತಾನೇ ಹೋಗಿ ಕೋಲು ತಂದಿದ್ದ. ಸನ್ನೆಗೋಲು ಉದ್ದ ಇದ್ದಷ್ಟೂ ಬಲ ಅನ್ನುವುದು ಡಿಪೋದ ವೇದ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಉದ್ದದ ಕೋಲು, ದಾರ ಸುತ್ತುವುದಕ್ಕೆ ಎಲ್ಲಕ್ಕಿಂತ ದಪ್ಪದ ರೀಲು. ಅದನ್ನು ಹಿಡಿದು ನಿಂತರೆ ಮೀನು ಕಚ್ಚುವ ಮುಂಚೆಯೇ ಮೈಕೈ ನೋವು.

ಈ ವರ್ಷ ದೋಣಿ ಹೊರಡುವ ಕಾಲ ಬಂದಾಗ ಅವಳು ಗಂಡನಿಗೆ ಖಡಾಖಂಡಿತವಾಗಿ ಹೇಳಿದಳು. "ಈ ಸಲ ಅಂಗಡಿಗೆ ನಾನೇ ಹೋಗ್ತೀನಿ. ನೀವು ಬೇಕಿದ್ರೆ ಬನ್ನಿ, ಬಾಯಿ ಮಾತ್ರ ಮನೇಲೇ ಬಿಟ್ಟು ಬನ್ನಿ."

ಅಂಗಡಿಯೆಂದರೆ ಉದ್ದನೆಯ ಓಣಿಯಂಥ ಕೋಣೆ. ಎರಡೂ ಗೋಡೆಗೆ ಕೋಲುಗಳು, ಗಾಜಿನ ಪೆಟ್ಟಿಗೆಯಲ್ಲಿ ರೀಲುಗಳು, ಎಲ್ಲೆಲ್ಲೂ ಯಂತ್ರದೆಣ್ಣೆಯ ವಾಸನೆ. ಅಂಗಡಿಯವನು ಬಂದ ಜೋಡಿಯನ್ನು ನೋಡಿ, "ಹೋದ ವರ್ಷದ ಆನೆ ಹೇಗಿದೆ ಸಾರ್?" ಅಂದ. ಗಂಡ ಗೋಡೆ ನೋಡಿದ.

"ಆನೆ ಅಟ್ಟದ ಮೇಲಿದೆ" ಅಂದಳು ಅವಳು. "ಮೊದಲು ಒಂದು ಹೇಳಪ್ಪ. ಮೆಕ್ಯಾನಿಕಲ್ ಅಂತೀರಲ್ಲ, ಇದರಲ್ಲಿ ಯಂತ್ರ ಯಾವುದು?"

"ಯಂತ್ರ ನೀವೇ, ಅಕ್ಕ."

ಅವನು ಒಂದು ಜಿಗ್ ತೆಗೆದು ಅಂಗೈಯಲ್ಲಿಟ್ಟ. ಮೀನಿನಂತೆ ಬಣ್ಣ ಬಳಿದ ಸೀಸದ ತುಂಡು, ತಲೆಯ ಹತ್ತಿರ ಕೊಕ್ಕೆ. ಇದನ್ನು ಸಮುದ್ರದ ತಳ ಮುಟ್ಟಿಸಿ, ಕೋಲನ್ನು ಒಮ್ಮೆ ಎತ್ತುವಾಗ ರೀಲಿನ ಹಿಡಿಯನ್ನು ಒಂದು ಸುತ್ತು ಸುತ್ತಬೇಕು. ಎತ್ತು, ಸುತ್ತು. ಎತ್ತು, ಸುತ್ತು. ತಾಳ ತಪ್ಪದೆ ಹೋದರೆ ಸೀಸದ ತುಂಡು ಹೆದರಿ ಓಡುವ ಮರಿಮೀನಾಗುತ್ತದೆ, ತಳದ ದೊಡ್ಡವರು ಅಟ್ಟಿಸಿಕೊಂಡು ಬರುತ್ತಾರೆ. ತಾಳ ತಪ್ಪಿದರೆ ಸೀಸ ಬರೀ ಸೀಸ.

ಅಷ್ಟು ಕೇಳಿದ್ದೇ ಟಾರ್ಪಾಲಕ್ಕನ ಕೈಗಳು ತಮ್ಮಷ್ಟಕ್ಕೆ ಗಾಳಿಯಲ್ಲಿ ಆಡಿದವು. ಬಲಗೈ ತಿರುಗಿತು, ಎಡಗೈ ಎತ್ತಿತು. ಹೋದ ವರ್ಷ ಎಲ್ಲರಂತೆ ಇರಲಿ ಎಂದು ಗಂಡನ ಕೈಯಲ್ಲಿ ರೀಲಿನ ಹಿಡಿಯನ್ನು ಎಡಗಡೆಗೆ ಹಾಕಿಸಿಕೊಂಡಿದ್ದಳು! ಜೀವಮಾನವಿಡೀ ಬಲಗೈಯಲ್ಲಿ ಚಕ್ರ ತಿರುಗಿಸಿದವಳು ದೋಣಿ ಹತ್ತಿದಾಗ ಅದನ್ನೇ ಮರೆತಿದ್ದಳು. "ಅಯ್ಯೋ ನನ್ನ ಬುದ್ಧಿಗಿಷ್ಟು" ಎಂದು ಹಣೆ ಬಡಿದುಕೊಂಡಳು. "ಹಿಡಿ ಬಲಗಡೆ ಇರೋದು ಕೊಡು."

ಕೋಲಿನ ಸರದಿ ಬಂತು. ಅಂಗಡಿಯವನು ಒಂದು ಉದ್ದ ಕೋಲನ್ನು ಅವಳಿಗೆ ಕೊಟ್ಟು, ದಾರದ ತುದಿಯನ್ನು ತಾನು ಹಿಡಿದು ಎರಡೇ ಬೆರಳಲ್ಲಿ ಎಳೆದ. ಅವಳ ಮಣಿಕಟ್ಟು ಬಗ್ಗಿಹೋಯಿತು. ಆಮೇಲೆ ಅವಳ ಭುಜದ ಎತ್ತರಕ್ಕಿಂತ ತುಸು ಹೆಚ್ಚಿದ್ದ, ಬೆರಳಷ್ಟು ಸಣ್ಣದೊಂದು ಕೋಲು ಕೊಟ್ಟ. ಬುಡವನ್ನು ಕಂಕುಳಿಗೆ ಒತ್ತಿಕೊಳ್ಳಲು ಹೇಳಿ, ಈ ಸಲ ಇಡೀ ತೋಳು ಹಾಕಿ ಎಳೆದ. ಕೋಲು ತುದಿಯಿಂದ ಬುಡದವರೆಗೆ ಬಾಗಿ ಅರ್ಧ ಬಳೆಯಾಯಿತು, ಅವಳು ಮಾತ್ರ ನಿಂತಲ್ಲೇ ನಿಂತಿದ್ದಳು.

"ಸನ್ನೆಗೋಲು ಸರಿ ಸಾರ್" ಎಂದ ಅಂಗಡಿಯವನು ಗಂಡನ ಕಡೆ ತಿರುಗಿ. "ಆದ್ರೆ ಉದ್ದದ ತುದಿ ಹಿಡಿದಿರೋದು ಯಾರು? ಮೀನು. ಕೋಲು ಉದ್ದ ಆದಷ್ಟೂ ಲಾಭ ಅದಕ್ಕೇ."

ಗಂಡ ಬಾಯಿ ತೆರೆದ, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಪಾಪ, ಆತನ ಕಾಲವೂ ಬಂತು. ರೀಲಿನ ವಿಷಯಕ್ಕೆ ಬಂದಾಗ ಅಂಗಡಿಯವನು ಒಂದು ಥಳಥಳಿಸುವ ರೀಲು ತೋರಿಸಿ, ಒಂದು ಸುತ್ತಿಗೆ ಇಷ್ಟುದ್ದ ದಾರ ಸುತ್ತುತ್ತದೆ, ಇದಕ್ಕಿಂತ ವೇಗದ್ದು ಇಲ್ಲವೇ ಇಲ್ಲ ಎಂದು ಹೊಗಳತೊಡಗಿದ. ಗಂಡ ಹಿಡಿ ತಿರುಗಿಸಿ ನೋಡಿದ, ತಡೆಯಲಾಗಲಿಲ್ಲ.

"ಮಾತಾಡ್ಲಾ?"

"ಒಂದೇ ಮಾತು" ಅಂದಳು.

"ಇದು ಟಾಪ್ ಗೇರ್ ಕಣೇ. ಸಪಾಟು ರಸ್ತೆಗೆ ಸರಿ. ತುಂಬಿದ ಬಸ್ಸು ಘಾಟಿ ಹತ್ತುವಾಗ ಟಾಪ್ ಗೇರ್ ಹಾಕಿದ್ರೆ ಇಂಜಿನ್ ಸಾಯುತ್ತೆ. ಒಂದು ಗೇರ್ ಕೆಳಗಿನದ್ದು, ಹಿಡಿ ಸ್ವಲ್ಪ ಉದ್ದ ಇರೋದು ತಗೋ."

ಅಂಗಡಿಯವನು ನಕ್ಕು ಥಳಥಳಿಸುವುದನ್ನು ಒಳಗಿಟ್ಟ. ಕೋಲಿನ ಮೇಲೆ ಕೂರುವ, ಮುಷ್ಟಿಯಷ್ಟೇ ದೊಡ್ಡ, ದುಂಡು ಹಿಡಿಯ ರೀಲೊಂದನ್ನು ಹೊರತೆಗೆದ. ಮೀನು ವಿಪರೀತ ಎಳೆದಾಗ ದಾರ ಹರಿಯದಂತೆ ಅದು ಹದವಾಗಿ ಬಿಟ್ಟುಕೊಡುತ್ತಿತ್ತು. ಕೋಲು, ರೀಲು ಎರಡೂ ಸೇರಿ ಹೋದ ವರ್ಷದ ರೀಲೊಂದರಷ್ಟೂ ಭಾರವಿರಲಿಲ್ಲ. ಅವಳು ಅಂಗಡಿಯ ನಡುವೆ ನಿಂತು ಎತ್ತು, ಸುತ್ತು ಶುರುಮಾಡಿದಳು. ಬೇರೆ ಗಿರಾಕಿಗಳು ಬಂದು ನಿಂತರು, ಕಾದರು, ಕೆಮ್ಮಿದರು. ಅವಳಿಗೆ ಕೈ ನೋಯಲಿಲ್ಲ. ಆ ಖುಷಿಗೆ ಕಣ್ಣಲ್ಲಿ ನೀರೇ ಬಂತು.

ದೋಣಿ ಹತ್ತಿದ ದಿನ ಅವಳ ಕೋಲು ನೋಡಿ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನಿದು ಟಾರ್ಪಾಲು, ಹಲ್ಲುಕಡ್ಡಿ ತಂದಿದೀಯಾ?" ಜಾಗವಿದ್ದ ಒಬ್ಬರಿಗೆ ಜ್ವರ ಬಂದದ್ದರಿಂದ ಅವನಿಗೂ ಅಂದು ಅವಕಾಶ ಸಿಕ್ಕಿತ್ತು. "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಭಾವ" ಅಂದಳು.

ತಳದಲ್ಲಿ ಬಂಡೆಗಳಿರುವ ಆಳದ ಜಾಗದಲ್ಲಿ ದೊಡ್ಡಪ್ಪ ಇಂಜಿನ್ ನಿಲ್ಲಿಸಿದ. ಜಿಗ್ ತಳ ಮುಟ್ಟಿತು. ಎತ್ತು, ಸುತ್ತು. ಹೊದಿಕೆಯ ದಪ್ಪ ಅಂಚು ಹೊಲಿಯುತ್ತಿದ್ದೇನೆ ಎಂದುಕೊಂಡು ತಿರುಗಿಸಿದಳು, ಅವಸರ ಮಾಡಲಿಲ್ಲ. ಯಾವುದೋ ಸುತ್ತಿನ ನಡುವೆ ಕೋಲು ಎತ್ತಲು ಹೋದರೆ ಸಮುದ್ರವೇ ಅದನ್ನು ಕೆಳಗೆ ಹಿಡಿದುಕೊಂಡಿತ್ತು.

"ಗೂಳಿ!" ಎಂದು ಕೂಗಿದ ದೊಡ್ಡಪ್ಪ. ತಳದ ದೊಡ್ಡ ಮೀನಿಗೆ ದೋಣಿಯವರು ಇಟ್ಟ ಹೆಸರು ಅದು. "ಬಂಡೆಗೆ ಹೋಗೋಕೆ ಬಿಡಬೇಡ! ದಾರ ಉಜ್ಜಿ ಹರಿದು ಹೋಗುತ್ತೆ!"

ಕೋಲು ಅರ್ಧ ಬಳೆಯಾಗಿ ತುದಿ ನೀರು ಮುಟ್ಟಿತು, ರೀಲು ಕಿರುಗುಟ್ಟುತ್ತಾ ದಾರ ಬಿಟ್ಟಿತು. ಅವಳು ಬುಡವನ್ನು ಕಂಕುಳಿಗೆ ಒತ್ತಿ, ಮೊಣಕಾಲನ್ನು ಹಲಗೆಗೆ ಕೊಟ್ಟು ನಿಂತಳು. ಮೀನು ಎಳೆದಾಗ ತಡೆದು ನಿಲ್ಲುವುದು, ಅದು ಸುಸ್ತಾಗಿ ಉಸಿರು ಬಿಟ್ಟಾಗ ಸುತ್ತುವುದು. ಸುತ್ತಿ ಗಳಿಸಿದ್ದನ್ನೆಲ್ಲ ಗೂಳಿ ಒಂದೇ ಓಟದಲ್ಲಿ ಕಿತ್ತುಕೊಂಡಿತು. ಮತ್ತೆ ಮೊದಲಿಂದ. ತೋಳು ಉರಿಯಿತು, ಬೆವರು ಕಣ್ಣಿಗಿಳಿದು ಸಮುದ್ರ ಮಂಜಾಯಿತು. ಹೋದ ವರ್ಷ ಇಷ್ಟು ಹೊತ್ತಿಗಾಗಲೇ ಕೋಲು ಕೈಬಿಟ್ಟಿತ್ತು.

ಭಾವ ಪಕ್ಕಕ್ಕೇ ಬಂದು ಎರಡೂ ಕೈ ಚಾಚಿದ. "ಕೊಡು ಕೊಡು, ಸುಮ್ನೆ ಕೈ ಮುರ್ಕೋತೀಯ."

"ಮುರಿದ್ರೆ ಮನೇಲಿ ಮೆಕ್ಯಾನಿಕ್ ಇದಾನೆ. ಕೈ ಆಚೆ ತೆಗೀರಿ ಭಾವ!"

ಅಂದವಳೇ ಹಿಡಿಯನ್ನು ಒಂದು ಸುತ್ತು ತಿರುಗಿಸಿದಳು. ಭಾರವಿತ್ತು, ಆದರೂ ತಿರುಗಿತು. ಘಾಟಿ ಹತ್ತುವ ಗೇರು ಅದು. ಇನ್ನೊಂದು ಸುತ್ತು. ಇನ್ನೊಂದು. ಕೊನೆಗೆ ನೀಲಿಯ ಆಳದಲ್ಲಿ ಒಂದು ಬೆಳ್ಳಗಿನ ಹೊಳಪು ಕಂಡಿತು, ದೊಡ್ಡದಾಗುತ್ತಾ ಮೇಲೆ ಬಂತು. ದೊಡ್ಡಪ್ಪ ಕೊಕ್ಕೆಗೋಲು ಹಾಕಿ ಎತ್ತಿದ. ಗೂಳಿ ಹಲಗೆಯ ಮೇಲೆ ಬಿದ್ದ ಸದ್ದಿಗೆ ದೋಣಿಯೆಲ್ಲ ನಡುಗಿತು. ಭಾವನ ಜೀವಮಾನದ ಯಾವ ಮೀನೂ ಅದರ ಪಕ್ಕ ಮಲಗುವಂತಿರಲಿಲ್ಲ. ಅವನೇ ಅದನ್ನು ಬಾಯಿಬಿಟ್ಟು ಹೇಳಿದ, ಅದು ಅವನ ದೊಡ್ಡತನ.

ಟಾರ್ಪಾಲಕ್ಕ ಅಪ್ಪನ ಜಾಗದಲ್ಲಿ ಕೂತಳು. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಯಾರೋ ಚಹಾ ಬಗ್ಗಿಸಿ ಕೊಟ್ಟರೆ ಲೋಟ ಹಿಡಿಯಲು ಬೆರಳು ಮಡಚಲೇ ಇಲ್ಲ, ಅರ್ಧ ಚಹಾ ಸೀರೆಯ ಮೇಲೆ ತುಳುಕಿತು. ಎಲ್ಲರ ಮುಂದೆ ಹೀಗಾಯಿತಲ್ಲ ಎಂದು ಅವಳು ಲೋಟ ಕೆಳಗಿಡಲು ಹೋದಳು.

ದೊಡ್ಡಪ್ಪ ಚುಕ್ಕಾಣಿ ಬಿಟ್ಟು ಎದ್ದು ಬಂದು, ಲೋಟ ತೆಗೆದುಕೊಂಡು ಅವಳ ಬಾಯಿಗೇ ಹಿಡಿದ.

"ಕುಡಿ ಮಗಳೇ. ಲೋಟ ಕೊಟ್ರೆ ಜಾಗ ಹೋಗಲ್ಲ."