ಸದನಕ್ಕೆ ತೋರಿಸಿ ಗುಡಿಸಿ

ಲಾ ಮುಗಿಸಿದ ಹೊಸದರಲ್ಲಿ ನಾನು ಚಾಮರಾಜಪೇಟೆಯಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿದ್ದೆ. ತೊಂಬತ್ತರ ದಶಕದ ಕೊನೆ. ಅತ್ತೆ ಆಗ ವಿಧಾನ ಪರಿಷತ್ತಿನ ಸದಸ್ಯೆ, ಅದೂ ಆಳುವ ಪಕ್ಷದವರು. ಮಹಾರಾಜರ ಕಾಲದಿಂದ ಉಳಿದು ಬಂದಿದ್ದ ಕಾನೂನುಗಳನ್ನು ಮಂತ್ರಿಗಳೇ ಒಂದು ಆದೇಶ ಹೊರಡಿಸಿ ತಿದ್ದಬಹುದು, ಕಿತ್ತೂ ಹಾಕಬಹುದು ಎನ್ನುವ ಮಸೂದೆಯನ್ನು ಅವರ ಸರ್ಕಾರವೇ ತಂದಿತ್ತು. ಸದನದ ಒಪ್ಪಿಗೆ ಬೇಕಿಲ್ಲ. ಜಾರಿಯಾದ ಮೇಲೆ ಆದೇಶದ ಪ್ರತಿಯನ್ನು ಸದನದಲ್ಲಿಟ್ಟರೆ ಸಾಕು.

“ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು,” ಎಂದ ಅತ್ತೆ ತಿದ್ದುಪಡಿ ಸೂಚಿಸಿದರು: ಮೊದಲು ಸದನ ಒಪ್ಪಲಿ, ಆಮೇಲೆ ಜಾರಿಯಾಗಲಿ.

ಮಾರನೇ ಬೆಳಿಗ್ಗೆ ಮಸೂದೆ ಮಂಡಿಸಿದ್ದ ಮಂತ್ರಿಗಳೇ ಮನೆಗೆ ಬಂದರು. ನಾನೇ ಕಾಫಿ ಕೊಟ್ಟೆ.

“ಅಮ್ಮಾ, ಹಳೇ ಕಸ ಗುಡಿಸೋಕೆ ಹೊರಟಿದೀವಿ ಅಷ್ಟೆ. ಎತ್ತಿನಗಾಡಿಗೆ ದೀಪ ಕಟ್ಟಬೇಕು ಅನ್ನೋ ಕಾನೂನೆಲ್ಲ ಈಗ ಯಾಕೆ?”

“ಅದನ್ನ ಗುಡಿಸಿ, ಬೇಡ ಅಂದೋರ್ಯಾರು? ಕೆರೆ ಅಂಗಳದಲ್ಲಿ ಮನೆ ಕಟ್ಟಬಾರದು ಅನ್ನೋದೂ ಆ ಕಾಲದ್ದೇ. ಅದೂ ಕಸಾನಾ? ಏನು ಗುಡಿಸ್ತೀರೋ, ಸದನಕ್ಕೆ ತೋರಿಸಿ ಗುಡಿಸಿ.”

“ಮಸೂದೆ ಪರವಾಗೇ ಮತ ಹಾಕ್ಬೇಕು ಅಂತ ಪಕ್ಷ ವಿಪ್ ಕೊಟ್ಟಿದೆ. ಮೀರಿದ್ರೆ ನಿಮ್ಮ ಸದಸ್ಯತ್ವಕ್ಕೇ ಕುತ್ತು ಬರುತ್ತೆ.”

“ಬರಲಿ. ಸುಮ್ನೆ ಕೈ ಎತ್ತೋಕೆ ನಾನ್ಯಾಕೆ ಅಲ್ಲಿಗೆ ಹೋಗ್ಬೇಕು?”

ಮಂತ್ರಿಗಳು ಅರ್ಧ ಲೋಟ ಕಾಫಿ ಬಿಟ್ಟು ಎದ್ದರು.

ಚರ್ಚೆಯ ದಿನ ನಾನು ಗ್ಯಾಲರಿಯಲ್ಲಿದ್ದೆ. ಎದ್ದು ನಿಂತಾಗ ಅತ್ತೆಯ ದನಿ ನಡುಗುತ್ತಿತ್ತು. ಅವರ ಪಕ್ಷದವರೇ “ಕೂತ್ಕೊಳ್ರೀ!” ಎಂದು ಕೂಗಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಕೂಗಿಗೇ ಅತ್ತೆಯ ನಡುಕ ನಿಂತುಹೋಯಿತು. “ಕೂರಲ್ಲ. ಜನ ಕಾನೂನು ಮಾಡೋಕೆ ನಮ್ಮನ್ನ ಕಳಿಸಿರೋದು, ಆಗಿಹೋದ ಕಾನೂನು ಓದ್ಕೊಳ್ಳೋಕಲ್ಲ,” ಎಂದರು. ಹೇಳಬೇಕಾದ್ದನ್ನೆಲ್ಲ ಹೇಳಿಯೇ ಕೂತರು. ತಿದ್ದುಪಡಿ ಬಿದ್ದುಹೋಯಿತು, ಮಸೂದೆ ಪಾಸಾಯಿತು.

ಕ್ಷಮೆ ಕೇಳಿದರೆ ಎಲ್ಲ ಮರೆಯುತ್ತೇವೆ ಎಂದು ಪಕ್ಷದಿಂದ ಫೋನು ಬಂತು. “ಪ್ರಶ್ನೆ ಕೇಳಿದ್ದಕ್ಕೆ ಕ್ಷಮೆ ಬೇರೆ ಕೇಳ್ಬೇಕಾ?” ಎಂದು ಅತ್ತೆ ಫೋನಿಟ್ಟರು. ಅವರ ಅವಧಿ ಮುಗಿಯುವುದರಲ್ಲಿತ್ತು. ಮತ್ತೆ ಟಿಕೆಟ್ ಸಿಗಲಿಲ್ಲ. ಪದವೀಧರರ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತರು. ಬಸವನಗುಡಿ, ಮಲ್ಲೇಶ್ವರದ ಬೀದಿಗಳಲ್ಲಿ ಇಬ್ಬರೂ ಮನೆಮನೆಗೆ ನಡೆದೆವು. ಸೋತರು.

ನಾನು ಅತ್ತುಬಿಟ್ಟೆ. ಅತ್ತೆ ನಕ್ಕರು.

“ಒಳಗೆ ಮಾತಾಡೋ ಹಾಗಿಲ್ಲ ಅಷ್ಟೆ ತಾನೆ? ಕೂತು ನೋಡಬಹುದಲ್ಲ!”

ಮುಂದಿನ ಅಧಿವೇಶನಕ್ಕೆ ಗ್ಯಾಲರಿ ಪಾಸು ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು ಹೊರಟರು. ಮೊದಲ ಸಾಲಿನಲ್ಲೇ ಕೂತರು. ಮಂತ್ರಿಗಳು ಆಗಲೇ ಜಾರಿಯಾಗಿದ್ದ ಮೊದಲ ಆದೇಶದ ಪ್ರತಿಯನ್ನು ಸದನದಲ್ಲಿಡಲು ಎದ್ದವರು ಒಮ್ಮೆ ತಲೆ ಎತ್ತಿ ಮೇಲೆ ನೋಡಿದರು. ಅತ್ತೆ ಅವರ ಮೇಲಿಟ್ಟ ಕಣ್ಣು ಕೀಳಲಿಲ್ಲ.